ಅರ್ಧ ಬಟ್ಟಲು

ಯಂತ್ರದ ಕೈಯ ಮೊಣಕೈಯಲ್ಲಿದ್ದ ಮೋಟಾರು ಮತ್ತೆ ನಡುಗತೊಡಗಿತು. ಯಾರೂ ಅದಕ್ಕೆ ಏಳು ಎಂದಿರಲಿಲ್ಲ, ಇಳಿ ಎಂದಿರಲಿಲ್ಲ. ಇದ್ದಲ್ಲೇ ಇರು ಎಂದಷ್ಟೇ ಹೇಳಿ ಒರಾಜ್ ಕೈಕಟ್ಟಿ ಕೂತಿದ್ದ. ಆದರೆ ಇದ್ದಲ್ಲೇ ಇರುವುದೆಂದರೆ ಈ ಜಾತಿಯ ಮೋಟಾರುಗಳಿಗೆ ಸುಮ್ಮನಿರುವುದಲ್ಲ. ಇಂಥ ಕೋನದಲ್ಲಿ ನಿಲ್ಲು ಎಂದು ಅದನ್ನು ನಿಯಂತ್ರಿಸುವ ಬೋರ್ಡಿನಿಂದ ಕ್ಷಣಕ್ಷಣಕ್ಕೂ ಅಪ್ಪಣೆ ಬರುತ್ತಿರುತ್ತದೆ. ನಿಂತಿದ್ದೇನೋ ಇಲ್ಲವೋ ಎಂದು ಸರ್ವೋ ಮೋಟಾರು ಕ್ಷಣಕ್ಷಣಕ್ಕೂ ತನ್ನನ್ನೇ ಅಳೆದುಕೊಳ್ಳುತ್ತಿರುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ತಿದ್ದಿಕೊಳ್ಳಲು ಹೋಗುತ್ತದೆ, ತಿದ್ದಿಕೊಳ್ಳಲು ಹೋಗಿ ಇನ್ನೊಂದು ಬದಿಗೆ ತಪ್ಪುತ್ತದೆ. ದೂರದಿಂದ ನೋಡಿದವರಿಗೆ ಕೈ ನಿಂತಿದೆ, ಹತ್ತಿರ ಕಿವಿಯಿಟ್ಟರೆ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದೆ. ಕಲ್ಲಿದ್ದಲ ಗಣಿಯ ಊರು ಕರಗಾಂಡಾದ ಒಂದು ತಾಂತ್ರಿಕ ಕಾಲೇಜಿನಲ್ಲಿ ವಿದ್ಯುತ್ ಪಾಠ ಹೇಳುವ ಒರಾಜ್ ಈ ಗುಣವನ್ನು ಎಷ್ಟೋ ವರ್ಷಗಳಿಂದ ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತ ಬಂದವನೇ. ಇವತ್ತು ಮಾತ್ರ ಆ ಸದ್ದು ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ಮಧ್ಯಾಹ್ನಕ್ಕೆ ರೌಶಾನ್ ಬರುತ್ತಾಳೆ. ಎಲೆ ಉದುರುವ ಕಾಲದಲ್ಲಿ ಮನೆ ಬಿಟ್ಟು ಅಣ್ಣನ ಮನೆ ಸೇರಿದ ಹೆಂಡತಿ ಆ ಅಣ್ಣನ ಜೊತೆಯಲ್ಲೇ ಬರುತ್ತಾಳೆ. ಒಂದು ಬಟ್ಟಲು ಚಹಾ ಕುಡಿದು, ತಿರುಗಿ ಬರುವುದೋ ಬೇಡವೋ ಎಂಬುದನ್ನು ಹೇಳಿ ಹೋಗುತ್ತಾಳೆ.

"ಏನೋ ಅದು ಗುಂಯ್ ಅಂತ? ಸಮೋವಾರ್ ಗಿಮೋವಾರ್ ಸುಟ್ಟುಹೋಯ್ತೇನೋ?" ಪಕ್ಕದ ಕೋಣೆಯಿಂದ, ಎಲ್ಲರೂ ಅಪಾ ಎಂದು ಕರೆಯುವ ತಾಯಿ ಕೂಗಿದಳು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಸಂಸಾರವೆಲ್ಲ ಮಂಚದ ಮೇಲೆಯೇ. ದನಿ ಮಾತ್ರ ಮನೆಯೆಲ್ಲ ಓಡಾಡಿಕೊಂಡಿರುತ್ತದೆ.

"ಸಮೋವಾರ್ ಅಲ್ಲ ಅಪಾ. ಕೈ."

"ಅದರ ಕೈ ಸೇದ್ಹೋಗ! ಬಂದುಬಿಡೇ ಮಾರಾಯ್ತಿ ಅಂತ ಬಾಯಿಬಿಟ್ಟು ಒಂದು ಮಾತು ಹೇಳೋಕಾಗಲ್ಲ. ಅದಕ್ಕೆ ಒಂದು ತಗಡಿನ ಸೊಸೆ ತಂದು ಕೂರಿಸ್ಕೊಂಡಿದಾನೆ."

ತಗಡಲ್ಲ, ಅಲ್ಯೂಮಿನಿಯಂ ಎಂದು ಒರಾಜನಿಗೆ ತಿದ್ದಬೇಕೆನಿಸಿತು, ನುಂಗಿಕೊಂಡ. ಕೈಯನ್ನು ಅವನು ಕೂರಿಸಿದ್ದು ತಗ್ಗು ಮೇಜಿನ ಬಾಗಿಲ ಕಡೆಯ ಮೂಲೆಯಲ್ಲಿ, ಚಹಾಕ್ಕೆ ನೀರು ಕುದಿಸುವ ಸಮೋವಾರಿನ ಮಗ್ಗುಲಲ್ಲಿ. ಬೇರೆಲ್ಲಿ ಕೂರಿಸುವುದು? ಚಹಾ ಹಾಕುವವರ ಜಾಗ ಅದೇ. ಮದುವೆಯಾದಂದಿನಿಂದ ರೌಶಾನ್ ಕೂತದ್ದೂ ಅಲ್ಲೇ. ಬಟ್ಟಲಿಗೆ ಮೊದಲು ಹಾಲು, ಆಮೇಲೆ ಕಡು ಡಿಕಾಕ್ಷನ್, ಆಮೇಲೆ ಕುದಿನೀರು. ಅರ್ಧ ಬಟ್ಟಲು, ಅದರ ಮೇಲೆ ಒಂದು ಗುಟುಕೂ ಇಲ್ಲ. ಅರ್ಧ ಬಟ್ಟಲೆಂದರೆ ಕೂತಿರಿ, ಮತ್ತೆ ಕೇಳಿ, ಹಾಕಲು ನಮಗೆ ಬೇಜಾರಿಲ್ಲ ಎಂದ ಹಾಗೆ. ಕುಡಿದವರು ಸಾಕೆನಿಸಿದಾಗ ಬಟ್ಟಲನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಅಲ್ಲಿಯವರೆಗೆ ಹಾಕುತ್ತಲೇ ಇರಬೇಕು. ಅಂಚಿನವರೆಗೆ ತುಂಬಿ ಕೊಟ್ಟರೋ, ಕುಡಿದು ಎದ್ದು ನಡಿ ಎಂದೇ ಅರ್ಥ. ಸೊಸೆಯಾಗಿ ಬಂದ ಹೊಸತರಲ್ಲಿ ರೌಶಾನ್ ಗಾಬರಿಯಿಂದ ಯಾರೋ ಹಿರಿಯ ನೆಂಟನಿಗೆ ಹಾಗೆ ತುಂಬಿ ಕೊಟ್ಟಿದ್ದಳು. "ಏನಮ್ಮಾ ಸೊಸೆ, ಕುದುರೆ ಹೊರಗೆ ಕಾಯ್ತಿದೆ ಅಂತ ನೆನಪು ಮಾಡ್ತಿದೀಯಾ?" ಎಂದು ಆ ಮುದುಕ ನಕ್ಕ. ಕೋಣೆಯೆಲ್ಲ ನಕ್ಕಿತು. ಒರಾಜನೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ, ಹೆಂಡತಿಯ ಪಕ್ಷದವನು ಎಂದು ಯಾರೂ ಅಂದುಬಿಡಬಾರದೆಂದು. ಅವಳ ಕಿವಿ ಕೆಂಪಾದದ್ದನ್ನು ನೋಡಿಯೂ ನಕ್ಕಿದ್ದ. ಅದಾದ ಮೇಲೆ ಅವಳ ಕೈಯಿಂದ ಒಂದು ಹನಿಯೂ ಹೆಚ್ಚು ಬಿದ್ದದ್ದನ್ನು ಯಾರೂ ಕಂಡಿಲ್ಲ. ಆ ಕೈಗಳು ಅವನಿಗೆ ಚೆನ್ನಾಗಿ ನೆನಪಿವೆ. ಹೆಬ್ಬೆರಳು ಬಟ್ಟಲಿನ ಅಂಚಿಗೆ ತಾಗದ ಹಾಗೆ, ತಳವನ್ನು ಬೆರಳ ತುದಿಗಳಲ್ಲಿ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ. ಆ ಬಾಗುವಿಕೆಯನ್ನೇ ಅವನು ಈ ಚಳಿಗಾಲವೆಲ್ಲ ಕೂತು ಭುಜಕ್ಕಿಷ್ಟು, ಮೊಣಕೈಗಿಷ್ಟು, ಮಣಿಕಟ್ಟಿಗಿಷ್ಟು ಎಂದು ಕೋನಗಳಾಗಿ ಒಡೆದು ಕೈಗೆ ಕಲಿಸಿದ್ದ.

ಅವಳು ಹೋದ ದಿನ ಮನೆಯಲ್ಲಿ ಕಾಲೇಜಿನ ಮುಖ್ಯಸ್ಥ ಕೂತಿದ್ದ, ಅವನ ಜೊತೆ ಇನ್ನಿಬ್ಬರು. ಹೊಸ ಪ್ರಯೋಗಾಲಯದ ಮಾತು. ಒರಾಜ್ ಮಾತಿನ ಭರದಲ್ಲಿ ಖಾಲಿ ಬಟ್ಟಲನ್ನು ಆ ಕಡೆ ನೋಡದೆಯೇ ಅವಳತ್ತ ತಳ್ಳಿ ಉಂಗುರದಿಂದ ಟಕ್ ಎನಿಸಿದ. ಬಟ್ಟಲು ತಿರುಗಿ ಬರಲಿಲ್ಲ. ಮತ್ತೆ ಟಕ್ ಟಕ್. "ಏನೇ, ಕೈ ಎಲ್ಲಿ ಬಿಟ್ಟು ಬಂದಿದೀಯಾ?" ಮುಖ್ಯಸ್ಥ ನಕ್ಕ. ರೌಶಾನ್ ಸಮೋವಾರಿನ ಪ್ಲಗ್ಗು ಕಿತ್ತಳು, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಗೆ ಕೈ ಒರೆಸಿಕೊಂಡಳು, ಕೋಟು ಹಾಕಿಕೊಂಡು ಹೊರಗೆ ಹೋದಳು. ಹಾಲು ತರಲು ಹೋದಳೆಂದೇ ಎಲ್ಲರೂ ತಿಳಿದರು. ಒರಾಜ್ ಕೂಡ ಹಾಗೇ ತಿಳಿದು, ಕಾಲೇಜಿನ ಮಾತು ಮುಂದುವರಿಸಿದ. ಅದನ್ನು ನೆನೆದರೆ ಈಗಲೂ ಅವನಿಗೆ ಮೈ ಉರಿಯುತ್ತದೆ. ಹೆಂಡತಿ ಮನೆ ಬಿಟ್ಟು ಹೋಗುತ್ತಿದ್ದಾಗ ತಾನು ಕಿಟಕಿಯ ಹೊರಗೂ ನೋಡದೆ ಟ್ರಾನ್ಸ್‌ಫಾರ್ಮರಿನ ಬಗ್ಗೆ ಮಾತಾಡುತ್ತಿದ್ದನಲ್ಲ. ಆಮೇಲೆ ಫೋನಿನಲ್ಲಿ ಕೇಳಿದಾಗ ಅವಳೆಂದದ್ದು ಒಂದೇ ಮಾತು: "ಹಾಕಿ ಹಾಕಿ ಸಾಕಾಯ್ತು." ಹಾಕಿ ಸಾಕಾಗಿದ್ದರೆ ಹಾಕದಿದ್ದರಾಯಿತು, ಅದಕ್ಕೇನು ಪರಿಹಾರವಿಲ್ಲವೇ ಎಂದು ಅವನ ತಲೆ ಓಡಿದ್ದು ಆ ದಿಕ್ಕಿಗೆ. ಮೋಟಾರುಗಳನ್ನು ತರಿಸಿದ, ಅಲ್ಯೂಮಿನಿಯಂ ಪಟ್ಟಿ ಕೊಯ್ದ, ಹಗುರದ ಒಂದು ಕೆಟಲನ್ನು ತಂತಿಯಿಂದ ಬೆರಳುಗಳಿಗೆ ಬಿಗಿದ. ಇನ್ನು ಮೇಲೆ ನೀನು ಹಾಕಬೇಕಾಗಿಲ್ಲ ರೌಶಾನ್. ಈ ವಾಕ್ಯವನ್ನು ಗಡ್ಡ ಹೆರೆದುಕೊಳ್ಳುವಾಗಲೆಲ್ಲ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದ. ಒಂದೊಂದು ಸಲ ಅದು ಕ್ಷಮೆ ಕೇಳಿದ ಹಾಗೆ ಕೇಳಿಸುತ್ತಿತ್ತು, ಒಂದೊಂದು ಸಲ ಕೆಲಸದಿಂದ ತೆಗೆದ ಹಾಗೆ.

ಈಗ ಬಟ್ಟಲುಗಳಿಗೆ ಮೊದಲೇ ಹಾಲು ಹಾಕಿಡಬೇಕಿತ್ತು. ಕೆಟಲಿನಲ್ಲಿ ಡಿಕಾಕ್ಷನ್ನು ಕುದಿನೀರು ಬೆರೆಸಿಡುವುದು, ಹಾಲು ಹಾಕುವುದು ಅವನ ಕೆಲಸ, ಬಗ್ಗಿಸುವುದಷ್ಟೇ ಕೈಯದು. ರೌಶಾನಳ ಅಣ್ಣ ತಾಲಾಪನಿಗೆ ಹಾಲು ಕಡಿಮೆ, ಚಹಾ ಇಟ್ಟಿಗೆಯ ಬಣ್ಣಕ್ಕಿರಬೇಕು. ಅಪಾಳಿಗೆ ಕೆನೆ. ಕಾಲೇಜಿನ ಮುಖ್ಯಸ್ಥನಿಗೆ ಹಾಲಿನ ಮೇಲೆ ಚಿಟಿಕೆ ಉಪ್ಪು, ಅದು ಕೂಡ ಗೊತ್ತು. ಹಾಲಿನ ಪಾತ್ರೆ ಹಿಡಿದುಕೊಂಡು ಅವಳ ಬಟ್ಟಲಿನ ಮುಂದೆ ಬಂದಾಗ ಅವನ ಕೈ ನಿಂತಿತು. ಅವಳಿಗೆ ಎಷ್ಟು? ನೆನಪಿಗೆ ತಂದುಕೊಳ್ಳುವುದು ಸುಲಭವೆಂದುಕೊಂಡ. ಬಾಲ್ಖಾಶ್‌ಗೆ ಹೋಗುವ ರೈಲು, ಕಿಟಕಿಯ ಬಳಿ ರೌಶಾನ್, ಅವಳ ಕೈಯಲ್ಲಿ ಬಟ್ಟಲು, ಆದರೆ ಆ ಬಟ್ಟಲು ಅವಳು ಅವನಿಗೆಂದು ಆರಿಸುತ್ತಿದ್ದದ್ದು. ಮಗಳು ಹುಟ್ಟಿದ ಆಸ್ಪತ್ರೆ, ಅವನು ಒಯ್ದ ಥರ್ಮಾಸು, ಮುಚ್ಚಳಕ್ಕೆ ಬಗ್ಗಿಸಿ ಅವಳು ಮೊದಲು ಪಕ್ಕದ ಮಂಚದವಳಿಗೆ ಕೊಟ್ಟಳು. ಹಬ್ಬಗಳು, ಸಾವಿನ ಮನೆಗಳು, ಮಾಮೂಲಿ ಬೆಳಗುಗಳು. ಎಲ್ಲ ಕಡೆ ಅವಳ ಕೈಗಳಿದ್ದವು, ಕೈಗಳಲ್ಲಿ ಬಟ್ಟಲುಗಳಿದ್ದವು, ಒಂದೂ ಅವಳದಲ್ಲ. ಸಮೋವಾರಿನ ಹಿಂದೆ ಅಂಚು ಸೀಳಿದ ಒಂದು ಸಣ್ಣ ಬಟ್ಟಲು ಇರುತ್ತಿತ್ತು ನಿಜ. ಅದರೊಳಗೆ ಏನು ಬಣ್ಣವಿತ್ತು? ಅವಳು ಅದನ್ನು ಬಾಯಿಗಿಟ್ಟದ್ದು ಯಾವಾಗ? ಒರಾಜ್ ಹಾಲಿನ ಪಾತ್ರೆಯನ್ನು ಕೆಳಗಿಟ್ಟು ಕಿಟಕಿಗೆ ಹೋದ, ಕಿಟಕಿಯಿಂದ ಕೈಯ ಹತ್ತಿರ ಬಂದ, ಮತ್ತೆ ಕಿಟಕಿಗೆ ಹೋದ. ಹೊರಗೆ ಕಲ್ಲಿದ್ದಲ ಹೊಗೆ ಕೂತು ಹಿಮವೆಲ್ಲ ಬೂದಿಯಾಗಿತ್ತು.

ಅಲ್ಮಾತಿಯಲ್ಲಿ ಓದುತ್ತಿರುವ ಮಗಳು ದಾನಾಳಿಗೆ ಫೋನು ಮಾಡಿದ.

"ಪಾಪಾ, ಅಮ್ಮ ಬಂದ್ಲಾ?"

"ಇನ್ನೂ ಇಲ್ಲ. ಒಂದು ವಿಷಯ ಹೇಳು, ಅಮ್ಮ ಚಹಾಗೆ ಹಾಲು ಎಷ್ಟು ಹಾಕ್ಕೋತಾಳೆ?"

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಸುಮ್ನೆ ಖಾತ್ರಿ ಮಾಡ್ಕೋತಿದೀನಿ."

"ನಂಗೂ ಗೊತ್ತಿಲ್ಲ ಪಾಪಾ," ಎಂದಳು ದಾನಾ. ಬೈಯುವಳೆಂದುಕೊಂಡಿದ್ದ, ದನಿ ಸಣ್ಣದಾಗಿತ್ತು. "ನಾವು ಕುಡಿದು ಎದ್ದ ಮೇಲೆ ಅಲ್ವಾ ಅವಳು ಕೂತ್ಕೋತಿದ್ದಿದ್ದು."

ಅವನು ತಾಯಿಯ ಕೋಣೆಯ ಹೊಸಿಲಲ್ಲಿ ನಿಂತ. "ಅಪಾ, ರೌಶಾನ್ ಚಹಾ ಹೇಗೆ ಕುಡೀತಿದ್ಲು?"

ತಾಯಿ ದಿಂಬಿನಿಂದ ತಲೆಯೆತ್ತಿ ನಿಜವಾಗಿ ಯೋಚಿಸಿದಳು. ಆಮೇಲೆ ಅಚ್ಚರಿಯಿಂದಲೇ ಕೇಳಿದಳು, "ಕುಡೀತಿದ್ಲಾ?"

ಕೊನೆಗೆ ತನಗೆ ಹಾಕಿಕೊಳ್ಳುವಷ್ಟೇ ಹಾಲನ್ನು ಅವಳಿಗೂ ಹಾಕಿಟ್ಟ. ಹಾಕಿದ ಕೂಡಲೇ ಅದು ಮೋಸವೆನಿಸಿತು. ತಲೆ ಕೊಡವಿಕೊಂಡು ಮೋಟಾರಿನ ಹತ್ತಿರ ಕೂತ. ನಡುಕದ ಕಾರಣ ಅವನಿಗೆ ತಿಳಿಯದ್ದೇನಲ್ಲ. ಬೋರ್ಡಿಗೊಂದು ವಿದ್ಯುತ್ ಮೂಲ, ಮೋಟಾರುಗಳಿಗೆ ಬೇರೊಂದು ಇರಬೇಕು, ಎರಡರ ಗ್ರೌಂಡು ಮಾತ್ರ ಒಂದೇ. ಮೊದಲ ವರ್ಷದವರಿಗೆ ಅವನು ಬಾಯಿಪಾಠ ಮಾಡಿಸುವ ಮಾತು ಅದು, ಇಲ್ಲಿ ಎರಡಕ್ಕೂ ಇದ್ದದ್ದು ಒಂದೇ ಸಣ್ಣ ಅಡಾಪ್ಟರು. ಮೋಟಾರು ಹೊರೆ ಎತ್ತುವಾಗ ಕರೆಂಟನ್ನು ಬಾಯಾರಿದ ಎತ್ತಿನ ಹಾಗೆ ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎಳೆದರೆ ವೋಲ್ಟೇಜು ಕುಸಿಯುತ್ತದೆ, ಅದೇ ನೀರು ಕುಡಿಯುತ್ತಿರುವ ಬಡಪಾಯಿ ಬೋರ್ಡು ಮೂರ್ಛೆ ಹೋಗುತ್ತದೆ. ಮೋಟಾರುಗಳಿಗೆಂದು ಬೇಕಾದ ದೊಡ್ಡ ಅಡಾಪ್ಟರು ಕಾಲೇಜಿನ ಕಪಾಟಿನಲ್ಲಿತ್ತು. ಭಾನುವಾರ ಬೀಗ ತೆಗೆಸಬೇಕಾದರೆ ಮುಖ್ಯಸ್ಥನಿಗೇ ಫೋನು ಮಾಡಬೇಕು. ಯಾಕೆ, ಏನು, ಮನೆಯಲ್ಲಿ ಏನು ವಿಶೇಷ, ಹೆಂಡತಿ ಹಾಲು ತಂದಳೇ ಎಂದು ಅವನು ಕೇಳುತ್ತಾನೆ. ಫೋನನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಇಟ್ಟುಬಿಟ್ಟಿದ್ದ. ಅದರ ಬದಲು ಒಂದು ಮೋಟಾರು ನಿಂತ ಮೇಲೆ ಇನ್ನೊಂದು ಹೊರಡುವ ಹಾಗೆ ನಡುನಡುವೆ ಬಿಡುವು ಕೊಟ್ಟ. ಭುಜ ಬಗ್ಗಿತು, ನಿಂತಿತು. ಮೊಣಕೈ ಬಗ್ಗಿತು, ನಿಂತಿತು. ಮಣಿಕಟ್ಟು ಓಲಿತು. ಖಾಲಿ ಬಟ್ಟಲಿಗೆ ಅರ್ಧಕ್ಕೆ ಸರಿಯಾಗಿ ನೀರು ಬಿತ್ತು. ನಿಧಾನ, ಆದರೆ ನಂಬಬಹುದಾದ ನಿಧಾನ. ಇಷ್ಟು ಸಾಕು ಎಂದುಕೊಂಡ. ನಡುಕ ಮಾತ್ರ ಹೋಗಲಿಲ್ಲ.

ಬಾಗಿಲು ಬಡಿದದ್ದು ತಾಲಾಪ್, ಗಂಡಹೆಂಡಿರಿಬ್ಬರೂ ಹಿರಿಯಣ್ಣನೆಂದು ಆಗಾ ಎಂದು ಕರೆಯುವವನು. ಗಣಿಯಲ್ಲಿ ದೊಡ್ಡ ಲಾರಿ ಓಡಿಸಿ ನಿವೃತ್ತನಾದ ಆಳು, ಬಾಗಿಲು ತುಂಬುವಷ್ಟು ಮೈ. "ಅಸ್ಸಲಾಮು ಅಲೈಕುಂ! ಅಪಾ, ಬದುಕಿದೀರಾ? ದೇವರು ನಿಮ್ಮ ನಾಲಗೆಗೆ ಆಯುಸ್ಸು ಕೊಡಲಿ!" ಎಂದು ಬೂಟು ಬಿಚ್ಚುತ್ತಲೇ ಕೂಗಿದ. ಒಳಗಿಂದ, "ನಿನ್ನ ಹೊಟ್ಟೆಗೆ ಕೊಟ್ಟಿದಾನಲ್ಲ, ಸಾಲದಾ!" ಎಂದು ಉತ್ತರ ಬಂತು. ಅವನ ಬೆನ್ನ ಹಿಂದೆ ರೌಶಾನ್. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು. ಒರಾಜ್ ಹೇಳಬೇಕೆಂದಿದ್ದ ಮಾತು ಬಿಟ್ಟು, "ಚಳಿ ಜೋರು ಅಲ್ವಾ?" ಎಂದ. "ಹೂಂ," ಎಂದಳು. ಅವಳು ಅತ್ತೆಯ ಕೋಣೆಗೆ ಹೋಗಿ ಕೆನ್ನೆಗೆ ಕೆನ್ನೆ ತಾಗಿಸಿ ಬಂದಳು. ಒಳಗೆ ಇಬ್ಬರೂ ಏನು ಮಾತಾಡಿಕೊಂಡರೋ ಅವನಿಗೆ ಕೇಳಿಸಲಿಲ್ಲ. ತಿರುಗಿ ಬಂದವಳ ಕಾಲುಗಳು ತಾವಾಗಿ ಬಾಗಿಲ ಕಡೆಯ ಮೂಲೆಗೆ, ಸಮೋವಾರಿನ ಕಡೆಗೆ ಹೊರಟವು. ಅಲ್ಲಿ ಕೈ ಕೂತಿತ್ತು. ಅವಳು ತಡೆದು ನಿಂತಳು. ಆಮೇಲೆ ಮೇಜು ಬಳಸಿಕೊಂಡು ಹೋಗಿ ಅಣ್ಣನ ಪಕ್ಕ, ಅತಿಥಿಗಳು ಕೂರುವ ಮೇಲಿನ ಜಾಗದಲ್ಲಿ ಕೂತಳು. ಆ ಜಾಗದಲ್ಲಿ ಅವಳನ್ನು ಅವನು ಎಂದೂ ನೋಡಿರಲಿಲ್ಲ. ಯಾರೋ ಪರಿಚಯವಿಲ್ಲದ, ಚೆಲುವೆಯಾದ, ಸ್ವಲ್ಪ ದಣಿದ ಹೆಂಗಸು ಮನೆಗೆ ಬಂದ ಹಾಗಿತ್ತು.

"ಇದೇನು?" ಎಂದಳು.

"ಇನ್ನು ಮೇಲೆ ನೀನು ಹಾಕಬೇಕಾಗಿಲ್ಲ," ಎಂದ ಒರಾಜ್. ಕನ್ನಡಿಯ ಮುಂದೆ ಹೇಳಿದ್ದಕ್ಕಿಂತ ಬೇಗ ಹೇಳಿಬಿಟ್ಟ.

ರೌಶಾನ್ ಕೈಯನ್ನು ನೋಡಿದಳು. ಅದರ ವೈರುಗಳು, ತಿರುಪುಗಳು, ತಂತಿಯಿಂದ ಬಿಗಿದ ಕೆಟಲು. "ನನ್ನ ಜಾಗದಲ್ಲೇ ಕೂರಿಸಿದೀಯ," ಎಂದಳು. "ನಾನು ಇಲ್ಲಿ ಮಾಡ್ತಿದ್ದಿದ್ದು ಇಷ್ಟೇನಾ?"

ಇಲ್ಲ ಎನ್ನಬೇಕಿತ್ತು. ಆದರೆ ತಾಲಾಪ್ ಅಷ್ಟರಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ನೋಡೋಣ ಬಿಡೇ, ಹೊಸ ಸೊಸೆ ಹೇಗೆ ಹಾಕ್ತಾಳೋ," ಎಂದು ಬಾಯಿ ಹಾಕಿದ. ಒರಾಜ್ ಆ ಮಾತಿನ ಹಿಂದೆ ಅಡಗಿಕೊಂಡು ಗುಂಡಿ ಒತ್ತಿದ. ಭುಜ ಬಗ್ಗಿತು, ನಿಂತಿತು. ಗುಂಯ್. ಮೊಣಕೈ ಬಗ್ಗಿತು, ನಿಂತಿತು. ಗುಂಯ್. ಬಾಯೊಳಗಿನ ಬೌರ್ಸಾಕು ಮುಗಿದು ತಾಲಾಪ್ ಇನ್ನೊಂದನ್ನು ತೆಗೆದುಕೊಂಡ, ಅದಕ್ಕೆ ಬೆಣ್ಣೆ ಹಚ್ಚಿದ, ಬೆಣ್ಣೆಯ ಮೇಲೆ ಜಾಮು ಹಚ್ಚಿದ. "ಅಪಾ!" ಎಂದು ಒಳಗೆ ಕೇಳುವ ಹಾಗೆ ಕೂಗಿದ. "ನಿಮ್ಮ ಹೊಸ ಸೊಸೆ ಭಾರೀ ಸೋಮಾರಿ ಕಣ್ರೀ. ಬಸುರಿ ಏನಾದ್ರೂ ಇದಾಳಾ ಕೇಳಿ!" ಒಳಗೆ ಮುದುಕಿ ಕಿಸಕ್ಕನೆ ನಕ್ಕಳು. ರೌಶಾನಳ ತುಟಿಯೂ ಒಂದಿಷ್ಟು ಅಲುಗಿತು. ಮಣಿಕಟ್ಟು ಓಲಿ, ಇಟ್ಟಿಗೆ ಬಣ್ಣದ ಚಹಾ ಅಣ್ಣನ ಬಟ್ಟಲಿಗೆ ಅರ್ಧಕ್ಕೆ ಸರಿಯಾಗಿ ಬಿತ್ತು, ಕೈ ಹಂತಹಂತವಾಗಿ ಮೇಲೆದ್ದು ನಿಂತಿತು. ಸೋಲಲಿಲ್ಲ, ಚೆಲ್ಲಲಿಲ್ಲ. ಆದರೆ ಒರಾಜನ ಕಿವಿ ಸುಡುತ್ತಿತ್ತು. ಈ ಕೋಣೆಯ ನಗು ಅವನಿಗೆ ಹೊಸದಲ್ಲ. ತನ್ನ ಮೇಲೆ ಬಿದ್ದದ್ದು ಹೊಸದು. ಅವಳ ಕಿವಿ ಅಂದು ಹೀಗೇ ಸುಟ್ಟಿರಬೇಕು ಎಂಬ ಯೋಚನೆ ಬಂತು, ಬಂದಷ್ಟೇ ಬೇಗ ಹೋಯಿತು. ಉಳಿದದ್ದು ತಾಲಾಪನಿಗೆ ತೋರಿಸಿಕೊಡಬೇಕೆಂಬ ಹಟ ಒಂದೇ. "ಸೋಮಾರಿ ಅಲ್ಲ ಆಗಾ. ನಾನೇ ನಿಧಾನಕ್ಕೆ ಇಟ್ಟಿದ್ದೆ," ಎಂದು ಲ್ಯಾಪ್‌ಟಾಪನ್ನು ತೊಡೆಯ ಮೇಲೆಳೆದುಕೊಂಡು, ಮೋಟಾರುಗಳ ನಡುವೆ ಇಟ್ಟಿದ್ದ ಬಿಡುವನ್ನೆಲ್ಲ ಅಳಿಸಿಹಾಕಿದ. ಬೆರಳಿಗೆ ಗೊತ್ತಿತ್ತು ಮಾಡಬಾರದೆಂದು. ತರಗತಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದ.

ಈ ಸಲ ಕೈ ನಿಜಕ್ಕೂ ಚೆಂದಕ್ಕೆ ಹೋಯಿತು. ಬುಡ ಭುಜ ಮೊಣಕೈ ಎಲ್ಲ ಒಟ್ಟಿಗೆ ತಿರುಗಿ, ಒಂದೇ ಬಳುಕಿನಲ್ಲಿ ರೌಶಾನಳ ಬಟ್ಟಲಿನ ಮೇಲೆ ಬಾಗಿತು. "ಅಬ್ಬಾ!" ಎಂದ ತಾಲಾಪ್. ಅವಳು ಕೂಡ ಮುಂದಕ್ಕೆ ಬಾಗಿ ನೋಡಿದಳು, ಆ ಬಾಗು ತನ್ನದೇ ಎಂದು ಅವಳಿಗೆ ತಿಳಿದಿತ್ತೆಂದು ಒರಾಜನಿಗೆ ಖಚಿತವಾಗಿ ಅನ್ನಿಸಿತು. ಕೆಟಲು ಓಲಿತು, ಚಹಾ ಸಣ್ಣ ಧಾರೆಯಾಗಿ ಇಳಿದು ಅರ್ಧಕ್ಕೆ ಬಂತು. ಇನ್ನು ಏಳಬೇಕು. ಎಲ್ಲ ಮೋಟಾರುಗಳೂ ಹೊರೆಯೆತ್ತಲು ಒಟ್ಟಿಗೆ ಎಳೆದವು. ಬೋರ್ಡಿನ ದೀಪ ಒಮ್ಮೆ ಮಂಕಾಗಿ ಆರಿತು. ಗುಂಯ್‌ಗುಡುವುದು ನಿಂತಿತು. ಅಪ್ಪಣೆ ನಿಂತ ಕೈ ನಿದ್ದೆ ಬಂದವರ ಕೈಯ ಹಾಗೆ ಮೆಲ್ಲಗೆ ಕುಸಿದು, ಕೆಟಲಿನ ಮೂತಿ ಬಟ್ಟಲಿನ ಅಂಚಿಗೆ ಒರಗಿತು. ಧಾರೆ ನಿಲ್ಲಲಿಲ್ಲ. ಒರಾಜ್ ನೋಡುತ್ತಿದ್ದ, ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು, ಚಾಚಲಾಗಲಿಲ್ಲ. ಚಹಾ ಮುಕ್ಕಾಲಾಯಿತು, ಅಂಚಿಗೆ ಬಂತು, ಅಂಚಿನ ಮೇಲೆ ಉಬ್ಬಿ ನಿಂತಿತು, ಆಮೇಲೆ ಮೇಜಿನ ಹಾಸುಬಟ್ಟೆ ದಸ್ತರಖಾನಿನ ಮೇಲೆ ಹರಿಯಿತು. ಆಗ ಬೋರ್ಡಿಗೆ ಎಚ್ಚರವಾಯಿತು. ಕೈ ಏನೂ ಆಗದವರ ಹಾಗೆ ನೆಟ್ಟಗೆ ಎದ್ದು, ತನ್ನ ಮೊದಲ ಭಂಗಿಯಲ್ಲಿ ನಿಂತು ಗುಂಯ್‌ಗುಡತೊಡಗಿತು.

ಇದ್ದವರಲ್ಲಿ ತಾಲಾಪನೇ ಮೊದಲು ಅಲುಗಾಡಿದ. ತನ್ನ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ ಮಗ್ಗುಲಿಗೆ ಮಲಗಿಸಿದ. ಮುಖದಲ್ಲಿ ತಮಾಷೆ ಉಳಿದಿರಲಿಲ್ಲ. "ಅರ್ಥವಾಯ್ತು," ಎಂದ. "ಏಳೇ ತಂಗಿ."

"ಆಗಾ, ಅದು ವೋಲ್ಟೇಜು," ಎಂದ ಒರಾಜ್. "ಎಲ್ಲ ಒಟ್ಟಿಗೆ ಎಳೆದವು, ವೋಲ್ಟೇಜು ಬಿತ್ತು, ಬೋರ್ಡು ನಿಂತ್ಹೋಯ್ತು. ನಾನು ಬೇಕಂತ..."

"ನೀನು ಪಾಠ ಹೇಳೋ ಮೇಷ್ಟ್ರಪ್ಪ, ನಾನು ಲಾರಿ ಓಡಿಸಿದೋನು. ನಂಗೆ ವೋಲ್ಟೇಜು ಗೊತ್ತಿಲ್ಲ. ಬಟ್ಟಲು ಗೊತ್ತು." ಅವನು ಆಗಲೇ ಬೂಟಿನ ಹತ್ತಿರ ಹೋಗಿದ್ದ.

ರೌಶಾನ್ ಎದ್ದಿರಲಿಲ್ಲ. ತುಂಬಿದ ಬಟ್ಟಲನ್ನೇ ನೋಡುತ್ತಿದ್ದಳು. "ನೀವು ಕೆಳಗೆ ಹೋಗಿ ಗಾಡಿ ಬಿಸಿ ಮಾಡಿ ಆಗಾ," ಎಂದಳು. "ಬರ್ತೀನಿ."

ಬಾಗಿಲು ಮುಚ್ಚಿತು. ಈ ಚಳಿಗೆ ಗಾಡಿ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಅವಳು ಇಲ್ಲಿರುತ್ತಾಳೆ. ಒರಾಜ್ ಪ್ಲಗ್ಗು ಕಿತ್ತ. ಬೆಳಗಿನಿಂದ ಕಿವಿಯಲ್ಲಿ ಕೂತಿದ್ದ ಸದ್ದು ಹೋಗಿ ಮನೆ ಒಮ್ಮೆಲೇ ದೊಡ್ಡದಾದ ಹಾಗಾಯಿತು. ಕೈ ಕುಸಿದು ಮೇಜಿನ ಮೇಲೆ ಮಲಗಿತು.

"ದೊಡ್ಡ ಅಡಾಪ್ಟರ್ ಇದ್ದಿದ್ರೆ ಹೀಗಾಗ್ತಿರಲಿಲ್ಲ. ಕಾಲೇಜಲ್ಲಿದೆ."

"ತಂದುಕೊಳ್ಳೋಕೆ ಏನಾಗಿತ್ತು?"

ಬಾಯಿಗೆ ಬಂದದ್ದು ಭಾನುವಾರ, ಬೀಗ. "ನಾಚಿಕೆ," ಎಂದ. "ಅವನು ನಿನ್ನ ವಿಷಯ ಕೇಳ್ತಾನೆ ಅಂತ."

ರೌಶಾನ್ ಬಂದಾಗಿನಿಂದ ಮೊದಲ ಸಲ ಅವನ ಮುಖ ನೋಡಿದಳು. ಅಷ್ಟು ಸಾಕಾಗಿತ್ತೇನೋ, ಬೆಳಗಿನಿಂದ ಒಳಗೆ ಅತ್ತಿಂದಿತ್ತ ತೂಗಾಡುತ್ತಿದ್ದದ್ದು ಹೊರಗೆ ಬಿತ್ತು. "ನಿಂಗೆ ಹಾಲು ಎಷ್ಟು ಹಾಕಬೇಕು ಅಂತ ನಂಗೆ ಗೊತ್ತಿಲ್ಲ ರೌಶಾನ್. ಎಷ್ಟು ನೆನಪು ಮಾಡ್ಕೊಂಡ್ರೂ ಇಲ್ಲ. ನೀನು ಚಹಾ ಕುಡಿದಿದ್ದನ್ನೇ ನಾನು ನೋಡಿಲ್ಲ. ದಾನಾಗೂ ಗೊತ್ತಿಲ್ಲ, ಅಪಾಗೂ ಗೊತ್ತಿಲ್ಲ. ನಾನು ಹಾಕ್ಕೊಳ್ಳೋವಷ್ಟೇ ಹಾಕಿಟ್ಟೆ."

"ನಂಗೂ ಗೊತ್ತಿರಲಿಲ್ಲ," ಎಂದಳು ಅವಳು. ಸಿಟ್ಟಿನಿಂದಲ್ಲ, ಯಾವುದೋ ಊರಿನ ಸುದ್ದಿ ಹೇಳುವ ಹಾಗೆ. "ಉಳಿದಿದ್ದು ಕುಡೀತಿದ್ದೆ. ಒಂದಿನ ಬರೀ ಹಾಲಿರೋದು, ಒಂದಿನ ಬರೀ ನೀರು. ಆರಿಹೋಗಿರೋದು. ಆಗಾನ ಮನೇಲಿ ಅತ್ತಿಗೆ ಕೇಳಿದ್ಲು, ನಿಂಗೆ ಹೇಗೆ ಬೇಕೇ ಅಂತ. ಇಷ್ಟು ವಯಸ್ಸಾಗಿದೆ, ಚಹಾ ಹೇಗೆ ಬೇಕು ಅಂತ ಗೊತ್ತಿಲ್ವಲ್ಲ ಅಂತ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಒಂದೊಂದು ದಿನ ಒಂದೊಂದು ಥರ ಮಾಡ್ಕೊಂಡು ಕುಡಿದು ನೋಡಿದೆ." ತುಂಬಿದ ಬಟ್ಟಲನ್ನು ಬೆರಳಿನಿಂದ ಅವನ ಕಡೆ ಸರಿಸಿದಳು, ಇನ್ನಷ್ಟು ಚೆಲ್ಲಿತು. "ನಂಗೆ ಹಾಲೇ ಸೇರಲ್ಲ. ಗೊತ್ತಾ?"

ಒರಾಜ್ ಕೈಯನ್ನು ಹಲಗೆಯ ಸಮೇತ ಎತ್ತಿ ಗೋಡೆಯ ಪಕ್ಕ ಇಟ್ಟ. ಆ ಮೂಲೆಯಲ್ಲಿ, ಸಮೋವಾರಿನ ಮಗ್ಗುಲಲ್ಲಿ ಕೂತ. ಕೂತ ಕೂಡಲೇ ಬಾಗಿಲ ಸಂದಿಯಿಂದ ಬರುವ ಚಳಿಗಾಳಿ ಅವನ ಬೆನ್ನಿಗೆ, ನಡುವಿಗೆ ಸರಿಯಾಗಿ ಬಡಿಯಿತು. ಇಲ್ಲಿ ಹೀಗೆ ಗಾಳಿ ಬರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಒಂದು ಬಟ್ಟೆ ತುರುಕಿದ್ದರೆ ನಿಲ್ಲುವಂಥ ಗಾಳಿ. ಚೊಕ್ಕ ಬಟ್ಟಲೊಂದನ್ನು ಎತ್ತಿಕೊಂಡು ಡಿಕಾಕ್ಷನ್ ಹಾಕಿದ. ಎಷ್ಟು ಎಂದು ಅವಳ ಮುಖ ನೋಡಿದ. "ಇನ್ನೊಂಚೂರು," ಎಂದಳು. ಹಾಕಿದ. "ಸಾಕು." ಸಮೋವಾರಿನ ನಲ್ಲಿ ತಿರುಗಿಸಿದಾಗ ಕುದಿನೀರು ಅವನ ಹೆಬ್ಬೆರಳಿಗೆ ಸಿಡಿಯಿತು, ಅರ್ಧಕ್ಕೆ ನಿಲ್ಲಿಸಿದ. ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಂದ ಬಾಗಿ ಚಾಚಿದ. ಸೊಂಟ ನೋಯುವಷ್ಟು ದೂರ ಬಾಗಬೇಕಿತ್ತು.

ಅವಳು ತೆಗೆದುಕೊಂಡಳು. ಊದಲಿಲ್ಲ, ಆರಿಸಲಿಲ್ಲ, ಸುಡುವುದನ್ನೇ ಸಣ್ಣ ಸಣ್ಣ ಗುಟುಕಾಗಿ ಕುಡಿದಳು. ಕುಡಿಯುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ, ಎಡಗೈಯನ್ನು ಬಟ್ಟಲಿನ ಕೆಳಗೆ ಹಿಡಿಯುತ್ತಾಳೆ, ನುಂಗಿದ ಮೇಲೆ ತುಟಿಯನ್ನು ಒಳಗೆಳೆದುಕೊಳ್ಳುತ್ತಾಳೆ. ಒರಾಜ್ ನೋಡಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈಗ ಕಳ್ಳನ ಹಾಗೆ ನೋಡುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು, ನೋಡುವುದನ್ನು ಬಿಡಲೂ ಆಗಲಿಲ್ಲ.

ಕೆಳಗೆ ಹಾರ್ನು ಕೂಗಿತು. ಮತ್ತೊಮ್ಮೆ ಕೂಗಿತು. ರೌಶಾನ್ ಎದ್ದು ಬಟ್ಟಲನ್ನು ದಸ್ತರಖಾನಿನ ಮೇಲಿಟ್ಟಳು. ಕೋಟು ಹಾಕಿಕೊಂಡಳು, ಬೂಟಿನ ಜಿಪ್ಪು ಎಳೆದಳು, ಗಿಡ್ಡ ಕೂದಲ ಮೇಲೆ ಟೋಪಿ ಇಳಿಸಿದಳು. ಹೋಗುತ್ತೇನೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ. "ಆ ಬಾಗಿಲ ಸಂದಿಗೆ ಏನಾದ್ರೂ ತುರುಕು," ಎಂದಳು, ಅಷ್ಟೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸದ್ದು ಇಳಿಯುತ್ತ ಹೋಯಿತು. ಒರಾಜ್ ಅದೇ ಮೂಲೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತಿದ್ದ.

"ಹೋದ್ಲಾ?" ತಾಯಿಯ ದನಿ. ಈ ಸಲ ಕೂಗಲಿಲ್ಲ, ಕೇಳಿದಳು.

"ಹೋದ್ಲು ಅಪಾ."

"ಬಟ್ಟಲು ಮಲಗಿಸಿ ಹೋದ್ಲಾ?"

ಒರಾಜ್ ಮೇಜಿನ ಆಚೆ ಬದಿಗೆ ನೋಡಿದ. ತಾಲಾಪನ ಬಟ್ಟಲು ಮಗ್ಗುಲಿಗೆ ಬಿದ್ದಿತ್ತು. ಹಾಲು ಬೆರೆತ ತುಂಬಿದ ಬಟ್ಟಲು ಕೆನೆಗಟ್ಟುತ್ತಿತ್ತು. ಅದರ ಪಕ್ಕ ಅವಳದು. ತಳದಲ್ಲಿ ಒಂದು ಗುಟುಕು ಉಳಿದಿತ್ತು.

"ಇಲ್ಲ ಅಪಾ," ಎಂದ. "ನೆಟ್ಟಗಿದೆ."

ಒಳಗೆ ಮಂಚ ಕಿರುಗುಟ್ಟಿತು. ಮುದುಕಿ ಮಗ್ಗುಲು ಬದಲಿಸುತ್ತಿದ್ದಳು. "ಹಾಗಾದ್ರೆ ಸಮೋವಾರ್ ಆರಿಸಬೇಡ," ಎಂದಳು.